ಸಿಯಾಚಿನ್: ಗೆರೆ ಮುಗಿದ ಮೇಲಿನ ಕಥೆ

ಸಂಪಾದಕರು ಈ ಸಲ ಫೋನು ಮಾಡಿದಾಗ, "ಡಾಕ್ಟರೇ, ಸಕ್ಕರೆ ಕಾಯಿಲೆ, ಬಿ.ಪಿ., ಕೊಲೆಸ್ಟರಾಲ್ ಎಲ್ಲಾ ಆಯಿತು. ಈ ಸಂಚಿಕೆಗೆ ಬೇರೆ ಏನಾದರೂ ಬರೆದುಕೊಡಿ" ಎಂದು ಅಪ್ಪಣೆ ಮಾಡಿದರು. ಹಾಗಾಗಿ ಬಹಳ ದಿನಗಳಿಂದ ತಲೆಯಲ್ಲಿ ಕೊರೆಯುತ್ತಿದ್ದ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಇತಿಹಾಸ ನನ್ನ ಕಸುಬಲ್ಲ. ಆದರೆ ಸಿಯಾಚಿನ್ ಹಿಮನದಿಯ ಇತಿಹಾಸ ಎಂಥದ್ದೆಂದರೆ, ಅದರಲ್ಲಿ ಅರ್ಧದಷ್ಟನ್ನು ಸೈನಿಕರು ಬರೆದಿದ್ದರೆ ಇನ್ನರ್ಧವನ್ನು ವೈದ್ಯರು ಬರೆದಿದ್ದಾರೆ. ಆ ಧೈರ್ಯದ ಮೇಲೆ ಮುಂದುವರಿಯುತ್ತೇನೆ.

ಮೊದಲು ಮನೆಯಲ್ಲಿರುವ ಭಾರತದ ಭೂಪಟವನ್ನು ತೆಗೆದು ಮಕ್ಕಳ ಮುಂದೆ ಹರಡಿರಿ. ನಾವು ಶಾಲೆಯಲ್ಲಿ ಟ್ರೇಸಿಂಗ್ ಕಾಗದ ಇಟ್ಟು ತಿದ್ದಿದ ಭೂಪಟದ ನೆತ್ತಿಯ ಹತ್ತಿರ, ಲಡಾಖಿನ ಉತ್ತರಕ್ಕೆ, ಕಾರಾಕೋರಂ ಪರ್ವತಶ್ರೇಣಿಯಲ್ಲಿ ಒಂದು ಬಿಳಿಯ ಪಟ್ಟಿ ಕಾಣುತ್ತದೆ. ಸುಮಾರು 76 ಕಿಲೋಮೀಟರು ಉದ್ದದ ಹಿಮನದಿ ಅದು. ಅದರ ಬಾಯಿಯಿಂದ ಹುಟ್ಟುವ ನುಬ್ರಾ ನದಿ ಶ್ಯೋಕ್ ನದಿಯನ್ನು ಸೇರುತ್ತದೆ, ಶ್ಯೋಕ್ ಹೋಗಿ ಸಿಂಧುವನ್ನು ಸೇರುತ್ತದೆ. ಸ್ಥಳೀಯರ ಬಾಲ್ಟಿ ಭಾಷೆಯಲ್ಲಿ 'ಸಿಯಾ' ಎಂದರೆ ಕಾಡುಗುಲಾಬಿ, 'ಚೆನ್' ಎಂದರೆ ಹೇರಳವಾಗಿರುವುದು. ಹಿಮನದಿಯ ಮೇಲೆ ಹುಲ್ಲುಕಡ್ಡಿಯೂ ಬೆಳೆಯುವುದಿಲ್ಲ. ಕೆಳಗಿನ ನುಬ್ರಾ ಕಣಿವೆಯಲ್ಲಿ ಮಾತ್ರ ಆ ಗುಲಾಬಿಯ ಪೊದೆಗಳಿವೆ.

ಈ ಹಿಮನದಿ ಎಷ್ಟು ಉದ್ದವಿದೆ ಎಂದು ಹೊರಜಗತ್ತಿಗೆ ಗೊತ್ತಾದದ್ದು 1909ರಲ್ಲಿ. ಗೊತ್ತು ಮಾಡಿದವರು ಟಾಮ್ ಲಾಂಗ್‌ಸ್ಟಾಫ್ ಎಂಬ ಇಂಗ್ಲಿಷ್ ಪರ್ವತಾರೋಹಿ, ಓದಿದ್ದು ವೈದ್ಯಕೀಯ. ಪಶ್ಚಿಮದ ಕಡೆಯಿಂದ ಬಿಲಾಫೋಂಡ್ ಲಾ ಎಂಬ ಕಣಿವೆದಾರಿಯನ್ನು ದಾಟಿ ಈ ಕಡೆಗೆ ಇಳಿದು ನೋಡಿದರು. ಅವರ ಹಿಂದೆಯೇ 1911 ಮತ್ತು 1912ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ದಂಪತಿಗಳಿಬ್ಬರು ಬಂದರು. ಯಜಮಾನರು ಡಾಕ್ಟರ್ ವಿಲಿಯಂ ಹಂಟರ್ ವರ್ಕ್‌ಮನ್, ಇವರೂ ವೈದ್ಯರೇ. ಆದರೆ ದಂಡಯಾತ್ರೆಯ ನಾಯಕತ್ವ ಅವರ ಶ್ರೀಮತಿ ಫ್ಯಾನಿ ಬುಲಕ್ ವರ್ಕ್‌ಮನ್ ಅವರದು. ಆಕೆ ಉದ್ದನೆಯ ಲಂಗ ಉಟ್ಟುಕೊಂಡೇ ಹಿಮನದಿಯ ಉದ್ದಗಲಕ್ಕೂ ನಡೆದು ನಕ್ಷೆ ಮಾಡಿಸಿದರು. ಸುಮಾರು 21,000 ಅಡಿ ಎತ್ತರದಲ್ಲಿ 'ಮಹಿಳೆಯರಿಗೆ ಮತದಾನದ ಹಕ್ಕು' ಎಂದು ಬರೆದ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನಿಂತ ಅವರ ಫೋಟೋ ಪ್ರಸಿದ್ಧವಾಗಿದೆ. ಹಿಮನದಿಯ ಉತ್ತರದ ತುದಿಯ ಕಣಿವೆದಾರಿಗೆ 'ಇಂದಿರಾ ಕೋಲ್' ಎಂದು ಹೆಸರಿಟ್ಟವರೂ ಇವರೇ. ಇಂದಿರಾ ಗಾಂಧಿಯವರ ಹೆಸರು ಎಂದು ನಮ್ಮಲ್ಲಿ ಅನೇಕರು ತಿಳಿದುಕೊಂಡಿದ್ದಾರೆ. 1912ರಲ್ಲಿ ಇಂದಿರಾ ಗಾಂಧಿ ಇನ್ನೂ ಹುಟ್ಟಿಯೇ ಇರಲಿಲ್ಲ. ಈ ಇಂದಿರೆ ನಮ್ಮ ವರಮಹಾಲಕ್ಷ್ಮಿಯೇ.

ಈಗ ಗೆರೆಯ ವಿಚಾರಕ್ಕೆ ಬರೋಣ. ಕಾಶ್ಮೀರದ ಮೊದಲ ಯುದ್ಧ ನಿಂತ ಮೇಲೆ, 1949ರ ಜುಲೈ 27ರಂದು ಕರಾಚಿಯಲ್ಲಿ ಎರಡೂ ಸೇನೆಗಳ ಅಧಿಕಾರಿಗಳು ಕುಳಿತು ಕದನವಿರಾಮದ ರೇಖೆಯನ್ನು ಗುರುತಿಸಿದರು. ದಕ್ಷಿಣದಿಂದ ಹೊರಟು ಊರು, ಹಳ್ಳ, ಗುಡ್ಡಗಳನ್ನು ಹೆಸರು ಹಿಡಿದು ಬರೆಯುತ್ತಾ ಬಂದವರು ಎನ್‌ಜೆ 9842 ಎಂಬ ಬಿಂದುವಿಗೆ ಬಂದು ನಿಂತರು. ಮುಂದೆ ಬರೀ ಮಂಜು. ಮನುಷ್ಯರೇ ಇಲ್ಲದ ಜಾಗಕ್ಕೆ ಯಾರು ಜಗಳವಾಡುತ್ತಾರೆ ಎಂದುಕೊಂಡರೋ ಏನೋ, "ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ" ಎಂದು ಬರೆದು ಮುಗಿಸಿಬಿಟ್ಟರು. 1971ರ ಯುದ್ಧ ಮುಗಿದು 1972ರಲ್ಲಿ ಸಿಮ್ಲಾ ಒಪ್ಪಂದವಾದ ಮೇಲೆ ಹೊಸದಾಗಿ ನಿಯಂತ್ರಣ ರೇಖೆ ಎಳೆದಾಗಲೂ ಯಾರೂ ಈ ಬಿಂದುವಿನಿಂದ ಮುಂದಕ್ಕೆ ಪೆನ್ಸಿಲ್ ಒಯ್ಯಲಿಲ್ಲ. ಜಮೀನು ಭಾಗ ಮಾಡುವಾಗ ಹಳ್ಳದ ಆಚೆಯ ಬರಡು ತುಂಡನ್ನು ಪತ್ರದಲ್ಲಿ ಬರೆಸದೆ ಬಿಟ್ಟು, ಮೊಮ್ಮಕ್ಕಳ ಕಾಲಕ್ಕೆ ಕೋರ್ಟು ಹತ್ತಿದ ಕುಟುಂಬಗಳನ್ನು ನಾವೆಲ್ಲ ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಇದೂ ಹಾಗೆಯೇ.

ಆ ಪದಗಳಿಗೆ ಎರಡು ಅರ್ಥ ಹುಟ್ಟಿದವು. ಉತ್ತರಕ್ಕೆ ಎಂದರೆ ಉತ್ತರಕ್ಕೆ, ನೀರು ಇಬ್ಭಾಗವಾಗುವ ಏಣನ್ನು ಹಿಡಿದು, ಅಂದರೆ ಹಿಮನದಿಯ ಪಶ್ಚಿಮಕ್ಕಿರುವ ಸಾಲ್ಟೋರೊ ಶ್ರೇಣಿಯ ಮೇಲೆ ಹೋಗಬೇಕು ಎಂದು ಭಾರತದ ವಾದ. ಬಿಂದುವಿನಿಂದ ಈಶಾನ್ಯಕ್ಕೆ ಕಾರಾಕೋರಂ ಪಾಸಿನವರೆಗೆ ನೇರ ಗೆರೆ ಎಳೆಯಬೇಕು ಎಂದು ಪಾಕಿಸ್ತಾನದ ವಾದ. ಹಾಗೆ ಎಳೆದರೆ ಇಡೀ ಸಿಯಾಚಿನ್ ಅವರ ಪಾಲಾಗುತ್ತದೆ. ಜೊತೆಗೆ ಪಾಕಿಸ್ತಾನ 1963ರಲ್ಲಿ ಶಕ್ಸ್‌ಗಾಂ ಕಣಿವೆಯನ್ನು ಚೀನಾಕ್ಕೆ ಬಿಟ್ಟುಕೊಟ್ಟಿದ್ದರಿಂದ, ಈ ತುಂಡು ಭೂಮಿ ಪಶ್ಚಿಮದ ಮತ್ತು ಉತ್ತರದ ಇಬ್ಬರು ನೆರೆಯವರ ನಡುವಿನ ಬೆಣೆಯಾಯಿತು. ಇಷ್ಟಾದರೂ ಎಪ್ಪತ್ತರ ದಶಕದವರೆಗೆ ದೆಹಲಿಯಲ್ಲಿ ಯಾರಿಗೂ ಇದರ ಬಿಸಿ ತಟ್ಟಿರಲಿಲ್ಲ.

ತಟ್ಟಿಸಿದವರು ಕರ್ನಲ್ ನರೇಂದ್ರ ಕುಮಾರ್. ಗೂಳಿಯಂತೆ ನುಗ್ಗುವವರೆಂದು ಗೆಳೆಯರು ಅವರನ್ನು 'ಬುಲ್' ಎನ್ನುತ್ತಿದ್ದರು. 1961ರಲ್ಲಿ ನೀಲಕಂಠ ಶಿಖರದ ಯಾತ್ರೆಯಲ್ಲಿ ಹಿಮಕಡಿತದಿಂದ ಕಾಲ್ಬೆರಳುಗಳನ್ನು ಕಳೆದುಕೊಂಡರೂ ಹತ್ತುವುದನ್ನು ಬಿಡದ ಮನುಷ್ಯ. ಗುಲ್ಮಾರ್ಗ್‌ನ ಸೇನಾ ಪರ್ವತ ಶಾಲೆಯ ಮುಖ್ಯಸ್ಥರಾಗಿದ್ದಾಗ ಒಬ್ಬ ಜರ್ಮನ್ ಸಾಹಸಿ ಅವರಿಗೆ ಅಮೆರಿಕದಲ್ಲಿ ಅಚ್ಚಾದ ಒಂದು ನಕ್ಷೆಯನ್ನು ತೋರಿಸಿದ. ಅದರಲ್ಲಿ ಎನ್‌ಜೆ 9842ರಿಂದ ಕಾರಾಕೋರಂ ಪಾಸಿಗೆ ಗೆರೆ ಎಳೆದು ಸಿಯಾಚಿನ್ ಅನ್ನು ಪಾಕಿಸ್ತಾನಕ್ಕೆ ಸೇರಿಸಲಾಗಿತ್ತು. ಆ ಕಾಲಕ್ಕೆ ಜಪಾನಿನ ಪರ್ವತಾರೋಹಿಗಳೂ ಪಾಕಿಸ್ತಾನದ ಪರವಾನಗಿ ಪಡೆದೇ ಅಲ್ಲಿಗೆ ಹೋಗಿಬರುತ್ತಿದ್ದರು. ಪರವಾನಗಿ ಕೊಡುವವನೇ ಒಡೆಯ ಎಂದು ನಾಳೆ ವಾದ ಬರುತ್ತದಲ್ಲ! ಕುಮಾರ್ 1978ರಲ್ಲಿ ತಂಡ ಕಟ್ಟಿಕೊಂಡು ತೇರಂ ಕಾಂಗ್ರಿಯ ಕಡೆಗೆ ಹೋದರು. 1981ರಲ್ಲಿ ಬಾಯಿಯಿಂದ ಹಿಡಿದು ಇಂದಿರಾ ಕೋಲ್‌ವರೆಗೆ ಹಿಮನದಿಯನ್ನು ಪೂರ್ತಿ ನಡೆದು ಬಂದರು. ಇಂದು ಹಿಮನದಿಯ ಮಧ್ಯದಲ್ಲಿರುವ ದೊಡ್ಡ ಶಿಬಿರಕ್ಕೆ ಅವರ ಹೆಸರೇ ಇದೆ. 2020ರ ಡಿಸೆಂಬರ್ 31ರಂದು ತೀರಿಕೊಂಡರು.

ಆಮೇಲಿನದ್ದು ಅವಸರದ ಕಥೆ. 1983ರ ಹೊತ್ತಿಗೆ ಎರಡೂ ಕಡೆಯವರು ಪರಸ್ಪರ ಪ್ರತಿಭಟನೆಯ ಪತ್ರ ಬರೆಯತೊಡಗಿದರು. ಪಾಕಿಸ್ತಾನ ಲಂಡನ್ನಿನ ಅಂಗಡಿಯೊಂದರಿಂದ ದೊಡ್ಡ ಪ್ರಮಾಣದಲ್ಲಿ ಹಿಮದ ಉಡುಪು ತರಿಸುತ್ತಿದೆ ಎಂಬ ಸುದ್ದಿ ದೆಹಲಿಗೆ ಬಂತು. ನಮ್ಮ ಸೇನೆಯೂ ಅದೇ ಅಂಗಡಿಯ ಗಿರಾಕಿ! ಉತ್ತರ ಕಮಾಂಡಿನ ಜನರಲ್ ಛಿಬ್ಬರ್ ಮತ್ತು ಅವರ ಕೆಳಗಿನ ಜನರಲ್ ಹೂನ್ ಯೋಜನೆ ಹಾಕಿದರು. ಕುಮಾಂವ್ ರೆಜಿಮೆಂಟಿನ ಸೈನಿಕರು ಚಳಿಗಾಲದ ಮಂಜಿನಲ್ಲಿ ಝೋಜಿ ಲಾ ದಾಟಿ ಕಾಲ್ನಡಿಗೆಯಲ್ಲೇ ಹೊರಟರು. 1984ರ ಏಪ್ರಿಲ್ 13, ಬೈಸಾಖಿ ಹಬ್ಬದ ದಿನ, ಕ್ಯಾಪ್ಟನ್ ಸಂಜಯ್ ಕುಲಕರ್ಣಿಯವರ ತುಕಡಿಯನ್ನು ಚೀತಾ ಹೆಲಿಕಾಪ್ಟರುಗಳು ಒಂದು ಸಲಕ್ಕೆ ಇಬ್ಬರಂತೆ ಬಿಲಾಫೋಂಡ್ ಲಾ ಮೇಲೆ ಇಳಿಸಿದವು. ನಾಲ್ಕು ದಿನಗಳಲ್ಲಿ ಉತ್ತರದ ಸಿಯಾ ಲಾ ಕೂಡ ಕೈಗೆ ಬಂತು. ಪಾಕಿಸ್ತಾನದ ಸೈನಿಕರು ಬರುವಷ್ಟರಲ್ಲಿ ಸಾಲ್ಟೋರೊ ಶ್ರೇಣಿಯ ಬಾಗಿಲುಗಳಲ್ಲಿ ಭಾರತದವರು ಕುಳಿತಾಗಿತ್ತು.

ಕಾರ್ಯಾಚರಣೆಗೆ ಇಟ್ಟ ಹೆಸರು 'ಮೇಘದೂತ'. ಕಾಳಿದಾಸನ ಯಕ್ಷ ವಿರಹದಲ್ಲಿ ಮೋಡವನ್ನು ಕಳಿಸಿದ. ಇಲ್ಲಿ ಮೋಡವೇ ಮೊದಲ ದಿನ ಬಾಗಿಲು ಹಾಕಿತು. ತುಕಡಿ ಇಳಿದ ಸ್ವಲ್ಪ ಹೊತ್ತಿನಲ್ಲೇ ಹಿಮದ ಬಿರುಗಾಳಿ ಎದ್ದು ಹೆಲಿಕಾಪ್ಟರುಗಳು ಹಾರದಂತಾಯಿತು. ಅದಕ್ಕೂ ಮುಂಚೆ, ಗಂಟೆಗಳ ಲೆಕ್ಕದಲ್ಲಿ, ರೇಡಿಯೊ ನಡೆಸುವ ಸೈನಿಕನ ಶ್ವಾಸಕೋಶದಲ್ಲಿ ನೀರು ತುಂಬಿ ಅವನನ್ನು ಕೆಳಗೆ ಕಳಿಸಬೇಕಾಯಿತು. ಒಂದು ಗುಂಡೂ ಹಾರದೆ ಮೊದಲ ಸೈನಿಕ ಹಾಸಿಗೆ ಹಿಡಿದ. ಮುಂದಿನ ನಲವತ್ತು ವರ್ಷಗಳಿಗೆ ಆ ದಿನವೇ ಮುನ್ನುಡಿ ಬರೆದಂತಾಯಿತು.

ಒಂದು ತಪ್ಪು ತಿಳುವಳಿಕೆಯನ್ನು ಇಲ್ಲಿಯೇ ತಿದ್ದಬೇಕು. ಸಿಯಾಚಿನ್ ಹಿಮನದಿಯ ಮೇಲೆ ಎರಡು ಸೇನೆಗಳು ಎದುರುಬದುರು ನಿಂತಿವೆ ಎಂದು ಪತ್ರಿಕೆಗಳು ಬರೆಯುತ್ತವೆ. ಹಿಮನದಿ ಪೂರ್ತಿಯಾಗಿ ಭಾರತದ ಕೈಯಲ್ಲಿದೆ. ಎದುರಾಳಿಗಳು ಇರುವುದು ಸಾಲ್ಟೋರೊ ಶ್ರೇಣಿಯ ಪಶ್ಚಿಮದ ಇಳಿಜಾರಿನಲ್ಲಿ, ಹೆಚ್ಚುಕಡಿಮೆ ಎಲ್ಲ ಕಡೆ ನಮ್ಮವರಿಗಿಂತ ತಗ್ಗಿನಲ್ಲಿ. ಇದಕ್ಕೆ ಹೊರತಾಗಿದ್ದದ್ದು 21,153 ಅಡಿ ಎತ್ತರದ ಒಂದು ಶಿಖರ. ಅಲ್ಲಿ ಪಾಕಿಸ್ತಾನದವರು ಜಿನ್ನಾ ಸಾಹೇಬರ ಗೌರವಾರ್ಥ 'ಕಾಯಿದ್' ಎಂಬ ಠಾಣೆ ಹಾಕಿದ್ದರು. 1987ರ ಮೇ ತಿಂಗಳಲ್ಲಿ ಅದನ್ನು ಹತ್ತಲು ಹೋದ ಎರಡನೇ ಲೆಫ್ಟಿನೆಂಟ್ ರಾಜೀವ್ ಪಾಂಡೆ ಮತ್ತು ಸಂಗಡಿಗರು ಗುಂಡಿಗೆ ಬಲಿಯಾದರು. ಜೂನ್ 26ರಂದು ನಾಯಬ್ ಸುಬೇದಾರ್ ಬಾನಾ ಸಿಂಗ್ ಸುಮಾರು 1,500 ಅಡಿಯ ಮಂಜಿನ ಗೋಡೆಯನ್ನು ಹಗ್ಗ ಹಿಡಿದು ಹತ್ತಿ, ನಾಲ್ವರು ಸಂಗಡಿಗರೊಂದಿಗೆ ಆ ಠಾಣೆಯನ್ನು ವಶಪಡಿಸಿಕೊಂಡರು. ಪರಮವೀರ ಚಕ್ರ ಬಂತು, ಶಿಖರಕ್ಕೆ ಬಾನಾ ಟಾಪ್ ಎಂದು ಹೆಸರಾಯಿತು. ಅಷ್ಟು ಎತ್ತರದಲ್ಲಿ ನಾಲ್ಕು ಹೆಜ್ಜೆ ಇಟ್ಟು ಏದುಸಿರು ಬಿಡುತ್ತಾ ನಿಲ್ಲಬೇಕಾದ ದೇಹ ಕೈಕೈ ಮಿಲಾಯಿಸಿ ಹೋರಾಡಿತು ಎಂಬುದನ್ನು ವೈದ್ಯನಾಗಿ ನನಗೆ ಇಂದಿಗೂ ನಂಬುವುದು ಕಷ್ಟ.

ಯಾಕೆ ಕಷ್ಟ ಎಂದು ಸ್ವಲ್ಪ ವಿವರಿಸುತ್ತೇನೆ. 18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ ಮಾತ್ರ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇದ್ದರೂ ಪ್ರತಿ ಉಸಿರಿಗೆ ಸಿಕ್ಕುವುದು ಅರ್ಧ. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರು ನೆನಪಿದೆಯಲ್ಲ? 90ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಓಡುತ್ತಿದ್ದೆವು. ಆ ಎತ್ತರದ ಠಾಣೆಯಲ್ಲಿ ಗಟ್ಟಿಮುಟ್ಟಾದ ಯುವಕನ ಬೆರಳಿಗೆ ಹಾಕಿದರೂ ಅದು 70-80ರ ಆಸುಪಾಸು ತೋರಿಸುತ್ತದೆ. ಹಸಿವು ಸತ್ತುಹೋಗುತ್ತದೆ. ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತು, ಗಾಬರಿಯಿಂದ ಎಚ್ಚರವಾಗುತ್ತದೆ. ಮೈ ಕರಗುತ್ತದೆ. ರಕ್ತ ಗಟ್ಟಿಯಾಗಿ ಕಾಲಿನಲ್ಲೋ ಮಿದುಳಿನಲ್ಲೋ ಹೆಪ್ಪುಗಟ್ಟುವ ಭಯವಿರುತ್ತದೆ. ಇಪ್ಪತ್ತೈದರ ಹುಡುಗರಿಗೆ ಪಾರ್ಶ್ವವಾಯು! ಸುಮಾರು 18,000 ಅಡಿಯ ಮೇಲೆ ಮನುಷ್ಯನ ದೇಹ ಹೊಂದಿಕೊಳ್ಳುವುದನ್ನು ಬಿಟ್ಟು ಸವೆಯಲು ಶುರು ಮಾಡುತ್ತದೆ. ಹಿಮಾಲಯದ ಜನ ಸಾವಿರಾರು ವರ್ಷಗಳಿಂದ ಅಲ್ಲಿ ಮನೆ ಕಟ್ಟದೆ ಇದ್ದದ್ದು ದಡ್ಡತನದಿಂದಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು, ನಾನು ಮೇಲೆ ಹೇಳಿದ ಶ್ವಾಸಕೋಶದ ನೀರು. ಸೈನಿಕರ ಬಾಯಲ್ಲಿ ಅದು 'ಹೇಪೋ'. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಆದರೆ ಎಲ್ಲ ಕಡೆ ಸಮನಾಗಿ ಅಲ್ಲ. ಬಿಗಿಯದೆ ಉಳಿದ ಕಡೆ ಒತ್ತಡ ಏರಿ ರಕ್ತದ ದ್ರವ ಗಾಳಿಗೂಡುಗಳಿಗೆ ಒಸರುತ್ತದೆ. ಮೊದಲು ಒಣಕೆಮ್ಮು, ಆಮೇಲೆ ಗುಲಾಬಿ ಬಣ್ಣದ ನೊರೆ. ತನ್ನ ನೆಲದ ಮೇಲೆ ಮಲಗಿಕೊಂಡೇ ಮನುಷ್ಯ ಮುಳುಗುತ್ತಾನೆ. ಬಹುಕಾಲ ವೈದ್ಯರು ಇದನ್ನು ನ್ಯುಮೋನಿಯಾ ಎಂದೇ ತಿಳಿದಿದ್ದರು. ಪೆರು ದೇಶದ ವೈದ್ಯರು ಮೊದಲೇ ಗುರುತಿಸಿದ್ದರೂ ಇಂಗ್ಲಿಷಿನಲ್ಲಿ ಇದು ಬೇರೆಯೇ ಕಾಯಿಲೆ ಎಂದು ಎಲ್ಲರ ಗಮನಕ್ಕೆ ತಂದದ್ದು 1960ರಲ್ಲಿ ಅಮೆರಿಕದ ಕೊಲರಾಡೋದ ಚಾರ್ಲ್ಸ್ ಹ್ಯೂಸ್ಟನ್. ಇವರೂ ಪರ್ವತಾರೋಹಿ. ಸಿಯಾಚಿನ್‌ಗೆ ದೂರವಲ್ಲದ ಕೆ2 ಶಿಖರಕ್ಕೆ 1938 ಮತ್ತು 1953ರಲ್ಲಿ ತಂಡ ಒಯ್ದಿದ್ದವರು.

ಆದರೆ ಈ ಕಾಯಿಲೆಯನ್ನು ಜಗತ್ತಿಗೆ ನಿಜವಾಗಿ ಕಲಿಸಿದವರು ಭಾರತದ ಸೇನಾ ವೈದ್ಯರು ಎಂದು ಹೇಳಲು ನನಗೆ ಹೆಮ್ಮೆ. ಕಲಿಸಿದ್ದು ಬಹಳ ದುಬಾರಿ ಪಾಠದಿಂದ. 1962ರ ಚೀನಾ ಯುದ್ಧದಲ್ಲಿ ಬಯಲುಸೀಮೆಯ ಹುಡುಗರನ್ನು ಒಂದೆರಡು ದಿನಗಳಲ್ಲಿ ವಿಮಾನ, ಲಾರಿಗಳಲ್ಲಿ ತುಂಬಿ ಬೆಟ್ಟದ ನೆತ್ತಿಗೆ ಇಳಿಸಲಾಯಿತು. ಅವರು ಗುಂಡೇಟಿಲ್ಲದೆ ಸತ್ತರು. ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ಈ ರೋಗಿಗಳನ್ನು ಅಭ್ಯಾಸ ಮಾಡಿ 1965ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 1969ರಲ್ಲಿ 1,925 ಸೈನಿಕರ ಅಧ್ಯಯನವನ್ನು ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ಸಂಖ್ಯೆಯ ಅಧ್ಯಯನ ಆಗ ಎಲ್ಲೂ ಇರಲಿಲ್ಲ. ಇಂದಿಗೂ ಈ ವಿಷಯದಲ್ಲಿ ಯಾವ ಪುಸ್ತಕ ತೆರೆದರೂ ಆ ಲೇಖನಗಳ ಹೆಸರು ಬಂದೇ ಬರುತ್ತದೆ. ಇಲ್ಲಿ ರೆಸಿಡೆನ್ಸಿ ಮಾಡುವಾಗ ಲೈಬ್ರರಿಯಲ್ಲಿ ಆ ಹೆಸರುಗಳನ್ನು ನೋಡಿ, 'ಅರೆ, ನಮ್ಮವರು!' ಎಂದು ಒಬ್ಬನೇ ಹಿಗ್ಗಿದ್ದೆ.

ಆ ಪಾಠದ ಫಲವೇ ಇಂದು ಸಿಯಾಚಿನ್‌ನಲ್ಲಿ ಕಟ್ಟುನಿಟ್ಟಾಗಿ ನಡೆಯುವ ಹೊಂದಾಣಿಕೆಯ ಕ್ರಮ. 9,000ದಿಂದ 12,000 ಅಡಿಯ ನಡುವೆ ಆರು ದಿನ, 15,000 ಅಡಿಯವರೆಗೆ ಇನ್ನೂ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ. ಕರ್ನಲ್ ಆಗಲಿ, ಅಡುಗೆಯವನಾಗಲಿ, ವಿನಾಯಿತಿ ಇಲ್ಲ. ಹೇಪೋ ಬಂದರೆ ಔಷಧಿಗಳಿವೆ, ಆಮ್ಲಜನಕವಿದೆ, ರೋಗಿಯನ್ನು ಒಳಗೆ ಮಲಗಿಸಿ ಕಾಲಿನಿಂದ ಗಾಳಿ ಒತ್ತಿ ಒತ್ತಡ ಏರಿಸುವ ಚೀಲವೂ ಇದೆ. ಆದರೆ ಎಲ್ಲಕ್ಕಿಂತ ದೊಡ್ಡ ಔಷಧಿ, ಬೇಗ ಕೆಳಗಿಳಿಸುವುದು. ಹವೆ ಕೆಟ್ಟಾಗ ಹೆಲಿಕಾಪ್ಟರು ಬಾರದು, ಆಗ ಠಾಣೆಯ ನರ್ಸಿಂಗ್ ಸಹಾಯಕನೇ ರಾತ್ರಿಯಿಡೀ ಆ ಚೀಲಕ್ಕೆ ಗಾಳಿ ಒತ್ತುತ್ತಾ ಕೂರಬೇಕು.

ಹಿಮಕಡಿತದ ಬಗ್ಗೆ ಎರಡು ಮಾತು, ಜನವರಿಯಲ್ಲಿ ಇಲ್ಲಿ ಮಂಜು ಬಾಚುವ ನಮ್ಮ ಸದಸ್ಯರಿಗೂ ಉಪಯೋಗವಾದೀತು. ಮರಗಟ್ಟಿದ ಬೆರಳನ್ನು ಮಂಜಿನಿಂದ ಉಜ್ಜಬೇಕೆಂಬ ನಂಬಿಕೆ ನೆಪೋಲಿಯನ್ನನ ಸರ್ಜನ್ ಲಾರೆಯ ಕಾಲದಿಂದ ಬಂದದ್ದು. ಅದು ಶುದ್ಧ ತಪ್ಪು, ಬೆರಳು ಇನ್ನಷ್ಟು ಹಾಳಾಗುತ್ತದೆ. 37ರಿಂದ 39 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರಿನಲ್ಲಿ ಅದ್ದಬೇಕು. ಮತ್ತೆ ಹೆಪ್ಪುಗಟ್ಟುವ ಸಂಭವ ಇದ್ದರೆ ಮಾತ್ರ ಬಿಸಿ ಮಾಡದೆ ಹಾಗೆಯೇ ಕರೆತರುವುದು ಮೇಲು. ಸಿಯಾಚಿನ್‌ನಲ್ಲಿ ಬರಿಗೈಯಲ್ಲಿ ಬಂದೂಕಿನ ಕುದುರೆ ಮುಟ್ಟಿದರೆ ಚರ್ಮ ಅಂಟಿಕೊಂಡುಬಿಡುತ್ತದೆ. ಕಿತ್ತಳೆಹಣ್ಣು ಕ್ರಿಕೆಟ್ ಚೆಂಡಿನಂತಾಗುತ್ತದೆ. ಕುಡಿಯುವ ನೀರೆಂದರೆ ಸೀಮೆಎಣ್ಣೆ ಸ್ಟೋವಿನ ಮೇಲೆ ಮಂಜು ಕರಗಿಸಿದ್ದು. ಆ ಸ್ಟೋವಿನ ಮಸಿಯನ್ನೇ ತಿಂಗಳುಗಟ್ಟಲೆ ಉಸಿರಾಡಬೇಕು, ಉಗುಳಿದರೂ ಕಪ್ಪು. ಹಿಮನದಿ ಏರುವ ಮುನ್ನ ಮತ್ತು ಇಳಿದ ಮೇಲೆ ಸೈನಿಕರು 'ಓ.ಪಿ. ಬಾಬಾ' ಎಂಬ ಗುಡಿಯಲ್ಲಿ ವರದಿ ಒಪ್ಪಿಸುತ್ತಾರೆ. ಓಂ ಪ್ರಕಾಶ್ ಎಂಬ ಸೈನಿಕ ಒಂಟಿಯಾಗಿ ಠಾಣೆ ಕಾಯ್ದು ಕಾಣೆಯಾದ, ಇಂದಿಗೂ ಕನಸಿನಲ್ಲಿ ಬಂದು ಅಪಾಯ ತಿಳಿಸುತ್ತಾನೆ ಎಂದು ನಂಬಿಕೆ. ಆಮ್ಲಜನಕ ಕಡಿಮೆಯಾದ ಮಿದುಳು ಇಲ್ಲದ ಸಂಗಾತಿಯನ್ನು ಕಾಣುವುದುಂಟು ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಅಲ್ಲಿ ಮೂರು ತಿಂಗಳು ಕಳೆಯದ ನಾನು ಅದನ್ನು ಹಿಡಿದುಕೊಂಡು ವಾದಿಸಲು ಹೋಗುವುದಿಲ್ಲ.

ಇಷ್ಟು ದೂರದ ಈ ಜಾಗಕ್ಕೂ ನಮ್ಮ ಕರ್ನಾಟಕಕ್ಕೂ ನಂಟು ಸಣ್ಣದಲ್ಲ. ಠಾಣೆಗಳ ಜೀವನಾಡಿಯಾದ ಚೀತಾ ಹೆಲಿಕಾಪ್ಟರು ಫ್ರಾನ್ಸಿನ ವಿನ್ಯಾಸವಾದರೂ ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಹಸಿವೇ ಇಲ್ಲದ ಎತ್ತರದಲ್ಲಿ ತಿನ್ನಲು ಆಗುವಂಥ ಊಟ ಯಾವುದು ಎಂದು ತಲೆ ಕೆಡಿಸಿಕೊಂಡವರು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು. ಅದು 1961ರಿಂದ ಅಲ್ಲಿದೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿಯಾಗಿದ್ದಾಗ ಮತ್ತೆ ಮತ್ತೆ ಸಿಯಾಚಿನ್‌ಗೆ ಹೋಗಿ ಬಂದರು. ಸೈನಿಕರಿಗೆ ಬೇಕಾದ ಹಿಮದ ಸ್ಕೂಟರಿನ ಕಡತವನ್ನು ದೆಹಲಿಯ ಅಧಿಕಾರಿಗಳು ಎಳೆದಾಡಿದಾಗ, ಅವರನ್ನೇ ಹಿಮನದಿಗೆ ಕಳಿಸಿ ಎಂದು ಅಪ್ಪಣೆ ಮಾಡಿದ ಕಥೆ ಪ್ರಸಿದ್ಧ. ಅವರ ರಾಜಕೀಯ ನನಗೆ ಎಂದೂ ಪೂರ್ತಿ ಹಿಡಿಸಿದ್ದಲ್ಲ. ಆದರೆ ಈ ಒಂದು ಕೆಲಸಕ್ಕೆ ಕೈ ಮುಗಿಯುತ್ತೇನೆ. ಇತ್ತೀಚೆಗೆ, 2024ರಲ್ಲಿ, ಮೈಸೂರಿನ ಕ್ಯಾಪ್ಟನ್ ಸುಪ್ರೀತಾ ಸಿ.ಟಿ. ಸೇನೆಯ ವಾಯುರಕ್ಷಣಾ ದಳದಿಂದ ಅಲ್ಲಿ ನಿಯುಕ್ತರಾದ ಮೊದಲ ಮಹಿಳಾ ಅಧಿಕಾರಿಯಾದರು. ಫ್ಯಾನಿ ವರ್ಕ್‌ಮನ್ ನೋಡಿದ್ದರೆ ಸಂತೋಷಪಡುತ್ತಿದ್ದರು.

ಇನ್ನೊಂದು ನಂಟು ಎಲ್ಲರಿಗೂ ನೆನಪಿರುತ್ತದೆ. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಮಂಜಿನ ಗೋಡೆಯೊಂದು ಕುಸಿದು, ಮದ್ರಾಸ್ ರೆಜಿಮೆಂಟಿನ 19ನೇ ಬಟಾಲಿಯನ್ನಿನ ಹತ್ತು ಜನ ಹೂತುಹೋದರು. ಅವರಲ್ಲಿ ಮೂವರು ನಮ್ಮವರು: ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಹಿಮದಡಿ ಸಿಕ್ಕಿದವರು ಕಾಲು ಗಂಟೆಯೊಳಗೆ ಸಿಕ್ಕರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, ಮೂವತ್ತೈದು ನಿಮಿಷವಾದರೆ ಮೂವರು ಉಳಿದರೆ ಹೆಚ್ಚು. ಇದು ಆಲ್ಪ್ಸ್ ಪರ್ವತಗಳ ಲೆಕ್ಕ. ದಿನಗಟ್ಟಲೆ ಕೊರೆದ ಮೇಲೆ, ಡಾಟ್ ಮತ್ತು ಮಿಶಾ ಎಂಬ ನಾಯಿಗಳ ಸಹಾಯದಿಂದ, ಫೆಬ್ರುವರಿ 8ರ ಸಂಜೆ ಸುಮಾರು 25 ಅಡಿಗೂ ಹೆಚ್ಚು ಆಳದಲ್ಲಿ ಹನುಮಂತಪ್ಪ ಸಿಕ್ಕಾಗ ಅವರ ಉಸಿರು ಆಡುತ್ತಿತ್ತು. ಆರನೆಯ ದಿನ!

ನಾನು ಎಂ.ಬಿ.ಬಿ.ಎಸ್. ಓದಿದ್ದು ಹುಬ್ಬಳ್ಳಿಯಲ್ಲಿ. ಕುಂದಗೋಳದ ಕಡೆಯ ರೈತರು ನಮ್ಮ ಹೊರರೋಗಿ ವಿಭಾಗಕ್ಕೆ ದಿನವೂ ಬರುತ್ತಿದ್ದರು. ಆ ಮೂರು ದಿನ ಇಲ್ಲಿ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದಿನಿಂದ ಯಾರೂ ಏಳಲಿಲ್ಲ. ನೆಂಟರಿಷ್ಟರೆಲ್ಲ ಫೋನು ಮಾಡಿ, "ಡಾಕ್ಟರೇ, ಬದುಕ್ತಾರಲ್ರೀ?" ಎಂದು ಕೇಳುತ್ತಿದ್ದರು. ಚಳಿ ಕೆಲವೊಮ್ಮೆ ಕಾಪಾಡುತ್ತದೆ. 1999ರಲ್ಲಿ ನಾರ್ವೆಯಲ್ಲಿ ಮಂಜುಗಡ್ಡೆಯ ಕೆಳಗೆ ಸಿಕ್ಕಿದ ಒಬ್ಬ ಮಹಿಳೆಯ ಮೈ 13.7 ಡಿಗ್ರಿಗೆ ಇಳಿದಿದ್ದರೂ ಬದುಕಿದರು, ಅವರೂ ವೈದ್ಯೆ. ಗುಡಾರದ ಅವಶೇಷದಡಿ ಗಾಳಿಯ ಪೊಳ್ಳು ಉಳಿದದ್ದರಿಂದಲೇ ಹನುಮಂತಪ್ಪ ಅಲ್ಲಿಯವರೆಗೆ ಉಳಿದರೆಂದು ಹೇಳಲಾಯಿತು. ಆದರೆ ಬಿಸಿಯಾದ ಮೇಲೆಯೇ ಅಪಾಯ ಜಾಸ್ತಿ. ತಣ್ಣಗೆ ನಿಂತಿದ್ದ ರಕ್ತ ಮತ್ತೆ ಹರಿಯತೊಡಗಿದಾಗ ಸತ್ತ ಅಂಗಾಂಶದ ವಿಷ ಮೈಯೆಲ್ಲ ಸುತ್ತುತ್ತದೆ. ದೆಹಲಿಯ ಸೇನಾ ಆಸ್ಪತ್ರೆಯ ಪ್ರಕಟಣೆಗಳು ಹೇಳಿದ್ದು ಅದನ್ನೇ: ರಕ್ತದೊತ್ತಡ ಕುಸಿದಿದೆ, ನ್ಯುಮೋನಿಯಾ ಇದೆ, ಯಕೃತ್ತು ಮತ್ತು ಮೂತ್ರಪಿಂಡಗಳು ಸ್ಪಂದಿಸುತ್ತಿಲ್ಲ. ನನಗೆ ಓದಿದಾಗಲೇ ತಿಳಿಯಿತು, ಫೋನಿನಲ್ಲಿ ಯಾರಿಗೂ ಹೇಳಲು ಬಾಯಿ ಬರಲಿಲ್ಲ. ಫೆಬ್ರುವರಿ 11ರಂದು ತೀರಿಕೊಂಡರು. ಮೂವತ್ತಮೂರು ವಯಸ್ಸು. ಹುಬ್ಬಳ್ಳಿಯಲ್ಲಿ ಸಾರ್ವಜನಿಕರ ದರ್ಶನಕ್ಕಿಟ್ಟು ಬೆಟದೂರಿಗೆ ಒಯ್ದರು.

1984ರಿಂದ 2015ರವರೆಗೆ ಸಿಯಾಚಿನ್‌ನಲ್ಲಿ ಹವಾಮಾನ ಮತ್ತಿತರ ಕಾರಣಗಳಿಂದ 869 ಸೈನಿಕರು ತೀರಿಕೊಂಡರೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತ್ತು. 2003ರ ನವೆಂಬರಿನಲ್ಲಿ ಕದನವಿರಾಮ ಬಂದು ಫಿರಂಗಿಗಳು ಸುಮ್ಮನಾದವು. ಹಿಮ ಸುಮ್ಮನಾಗಲಿಲ್ಲ. ಎದುರು ಕಡೆಯಲ್ಲೂ ಅಷ್ಟೇ: 2012ರ ಏಪ್ರಿಲ್ 7ರ ಬೆಳಗಿನ ಜಾವ ಗಯಾರಿ ಎಂಬಲ್ಲಿ ಹಿಮ ಜಾರಿ ಪಾಕಿಸ್ತಾನದ 140 ಜನ, ಅವರಲ್ಲಿ 129 ಸೈನಿಕರು, ಒಂದೇ ಸಲಕ್ಕೆ ಹೂತುಹೋದರು. ಆ ಶಿಬಿರ ಸುರಕ್ಷಿತ ಎಂದು ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲಿಯೇ ಇತ್ತು. ನೆಲದ ಆಸೆ ಎಷ್ಟೇ ಇರಲಿ, ಆ ತಾಯಂದಿರ ಬಗ್ಗೆ ಮರುಕಪಡದವನು ವೈದ್ಯನಾಗಿ ಪ್ರಯೋಜನವಿಲ್ಲ.

ಹಾಗಾದರೆ ಇಬ್ಬರೂ ಇಳಿದು ಬರಬಾರದೆ? ನಮ್ಮ ಕೂಟದ ಊಟದ ಮೇಜಿನಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಎರಡು ಪಕ್ಷಗಳಾಗಿ ಪಾಯಸ ತಣ್ಣಗಾಗುತ್ತದೆ. 1989ರಲ್ಲಿ ರಾಜೀವ್ ಗಾಂಧಿಯವರ ಕಾಲದಲ್ಲಿ, ಮತ್ತೆ 1992ರಲ್ಲಿ, ಒಪ್ಪಂದ ಬಾಗಿಲ ತನಕ ಬಂದು ಹಿಂದೆ ಹೋಯಿತು. ಗಯಾರಿಯ ಬಳಿಕ ಪಾಕಿಸ್ತಾನದ ಸೇನಾ ಮುಖ್ಯಸ್ಥ ಜನರಲ್ ಕಯಾನಿಯೂ ಸೇನೆ ತೆಗೆಯುವ ಮಾತಾಡಿದ್ದರು. ತೊಡಕು ಒಂದೇ. ಈಗ ಯಾರು ಎಲ್ಲಿ ನಿಂತಿದ್ದಾರೆಂಬ ಸುಮಾರು 110 ಕಿಲೋಮೀಟರಿನ ಸಾಲನ್ನು ನಕ್ಷೆಯ ಮೇಲೆ ಬರೆದು ಸಹಿ ಹಾಕಿ, ಆಮೇಲೆ ಇಳಿಯೋಣ ಎಂದು ಭಾರತ ಹೇಳುತ್ತದೆ. ಸಹಿ ಹಾಕಿದರೆ 1984ರ ಏಪ್ರಿಲನ್ನು ಒಪ್ಪಿದಂತಾಗುತ್ತದೆ ಎಂದು ಪಾಕಿಸ್ತಾನ ಒಪ್ಪುವುದಿಲ್ಲ. 1999ರಲ್ಲಿ ಕಾರ್ಗಿಲ್‌ನಲ್ಲಿ, ಚಳಿಗಾಲಕ್ಕೆ ಬಿಟ್ಟುಬಂದ ಶಿಖರಗಳಲ್ಲಿ ಏನಾಯಿತೆಂದು ನೋಡಿದ ನಮ್ಮ ಸೇನೆ ಬಾಯಿಮಾತನ್ನು ನಂಬಲು ತಯಾರಿಲ್ಲ, ಅದರಲ್ಲಿ ತಪ್ಪು ಹುಡುಕಲು ನನಗೂ ಆಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಸಹಿಯಿಲ್ಲದೆ ಇಳಿಯಬಾರದು. ಆದರೆ ಆ ಸಹಿಗಾಗಿ ಪಟ್ಟ ಪ್ರಯತ್ನ ಮಾತ್ರ ಅಲ್ಲಿ ಕುಳಿತ ಹುಡುಗರು ಪಡುವ ಕಷ್ಟದ ನೂರರಲ್ಲಿ ಒಂದು ಪಾಲೂ ಇಲ್ಲ. ಕಡತದ ಮೇಲೆ ಕಡತ ಪೇರಿಸುವವರು 72 ಡಿಗ್ರಿಗೆ ಬೆಚ್ಚಗಿಟ್ಟ ಕೋಣೆಗಳಲ್ಲಿರುತ್ತಾರೆ, ನಾನೂ ಈಗ ಅಂಥದೇ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ ಎಂಬುದು ಬೇರೆ ಮಾತು.

ವೈದ್ಯರ ಕಥೆಯೂ ಅಲ್ಲಿ ಮುಗಿದಿಲ್ಲ. 2023ರ ಜುಲೈ 19ರಂದು ಠಾಣೆಯೊಂದರಲ್ಲಿ ಬೆಂಕಿ ಬಿದ್ದಾಗ, ಸೇನಾ ವೈದ್ಯ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಒಳಗೆ ಸಿಕ್ಕಿದವರನ್ನು ಹೊರಗೆ ತಂದು, ಔಷಧಿಗಳನ್ನು ಉಳಿಸಲು ಮತ್ತೆ ಒಳಗೆ ಹೋದವರು ಹೊರಗೆ ಬರಲಿಲ್ಲ. ಅವರಿಗೆ ಕೀರ್ತಿ ಚಕ್ರ ಕೊಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾಪ್ಟನ್ ಗೀತಿಕಾ ಕೌಲ್ ಸಿಯಾಚಿನ್‌ನಲ್ಲಿ ನಿಯುಕ್ತರಾದ ಮೊದಲ ಮಹಿಳಾ ವೈದ್ಯಾಧಿಕಾರಿಯಾದರು.

ಹಿಮನದಿ ನಿಂತಂತೆ ಕಂಡರೂ ಮೆಲ್ಲಗೆ ಹರಿಯುತ್ತಲೇ ಇರುತ್ತದೆ, ನುಂಗಿದ್ದನ್ನು ಯಾವಾಗಲೋ ಹೊರಗೆ ಹಾಕುತ್ತದೆ. 1984ರ ಮೇ 29ರಂದು, ಮೇಘದೂತ ಶುರುವಾದ ಏಳು ವಾರಗಳೊಳಗೆ, ಕುಮಾಂವ್ ರೆಜಿಮೆಂಟಿನ ಒಂದು ಗಸ್ತು ತಂಡ ಹಿಮಕುಸಿತಕ್ಕೆ ಸಿಕ್ಕಿತ್ತು. ಕೆಲವರ ದೇಹಗಳು ಆಗ ಸಿಗಲಿಲ್ಲ. 2022ರ ಆಗಸ್ಟಿನಲ್ಲಿ ಹಳೆಯ ಬಂಕರೊಂದರಲ್ಲಿ ಲ್ಯಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲ ಅವರ ಅವಶೇಷ ಸಿಕ್ಕಿತು. ಸೇನಾ ಸಂಖ್ಯೆ ಕೊರೆದ ಲೋಹದ ಬಿಲ್ಲೆಯಿಂದ ಗುರುತು ಹಿಡಿದರು. ಮೂವತ್ತೆಂಟು ವರ್ಷಗಳ ನಂತರ ಉತ್ತರಾಖಂಡದ ಹಲ್ದ್ವಾನಿಯಲ್ಲಿ, ಅಪ್ಪ ಹೋದಾಗ ಇನ್ನೂ ಎಳೆಯ ಮಕ್ಕಳಾಗಿದ್ದ ಅವರ ಹೆಣ್ಣುಮಕ್ಕಳ ಎದುರಿನಲ್ಲಿ, ಸಂಸ್ಕಾರ ನಡೆಯಿತು.